ಗೋಲ್‌ಕೀಪರ್ ಎತ್ತ ಹೋದ?

ಕ್ಲಚ್ ಮಾಸ್ಟರಿಗೆ ಮರೆವು ಎಂಬುದೇ ಇರಲಿಲ್ಲ. ಹೀಗೆಂದು ಅವರೇ ಹೇಳುತ್ತಿದ್ದರು. ಹೇಳಿದ್ದನ್ನು ಮರೆತು ಅದೇ ಮಂದಿಗೆ ಮತ್ತೆ ಹೇಳುತ್ತಿದ್ದರು ಎಂಬುದು ಬೇರೆ ಮಾತು.

ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ಜ್ಞಾಪಕಶಕ್ತಿಯೇ ಬಂಡವಾಳ ಎಂಬುದು ಅವರ ವಾದ. ಯಾವ ಶಿಷ್ಯ ಯಾವ ತಿರುವಿನಲ್ಲಿ ಎಂಜಿನ್ ಆಫ್ ಮಾಡಿಕೊಂಡ, ಯಾವ ಶಿಷ್ಯೆ ಯಾವ ದೀಪದ ಕಂಬವನ್ನು ಸವರಿಕೊಂಡು ಹೋದಳು, ಎಲ್ಲವೂ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಆಪರೇಷನ್ ಆಗಿ ಮಲಗಿದ್ದ ಹಳೆಯ ಶಿಷ್ಯನನ್ನು ನೋಡಲು ಆಸ್ಪತ್ರೆಗೆ ಹೋದಾಗಲೂ, "ನೀವು ಮೊದಲನೇ ದಿನ ಹೂವಿನಂಗಡಿ ಮುಂದೆ ಕ್ಲಚ್ ಬಿಟ್ಟಿದ್ರಿ, ನೆನಪಿದೆಯಾ?" ಎಂದೇ ಮಾತು ಶುರುಮಾಡಿದ್ದರು. ರೋಗಿ ಕಣ್ಣು ಮುಚ್ಚಿಕೊಂಡ. ಮಾಸ್ಟರು ಅದನ್ನು ಪಶ್ಚಾತ್ತಾಪ ಎಂದುಕೊಂಡರು.

ಅದೇ ಬೀದಿಯಲ್ಲಿ, ಎದುರು ಸಾಲಿನಲ್ಲಿ, ಇನ್ನೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಅದರ ಮಾಲೀಕರು ಮಾತಿಗೆ ಮೊದಲು "ಕನ್ನಡಿ ನೋಡಿ, ಕನ್ನಡಿ ನೋಡಿ" ಅನ್ನುತ್ತಿದ್ದರಿಂದ ಅವರಿಗೆ ಕನ್ನಡಿ ಮಾಸ್ಟರ್ ಎಂದು ಹೆಸರು. ಇಬ್ಬರೂ ಷಡ್ಡಕರು. ಕನ್ನಡಿ ಮಾಸ್ಟರು ಅಕ್ಕನನ್ನು ಕಟ್ಟಿಕೊಂಡಿದ್ದರು, ಕ್ಲಚ್ ಮಾಸ್ಟರು ತಂಗಿಯನ್ನು. ಒಂದು ಕಾಲಕ್ಕೆ ಇವರು ಅವರನ್ನು ಬಾಯ್ತುಂಬ "ಅಣ್ಣಾ" ಎಂದು ಕರೆಯುತ್ತಿದ್ದರು. ಆಮೇಲೆ ಮಾವನ ಮನೆಯ ಅಂಗಳದ ಪ್ರಕರಣ ನಡೆಯಿತು.

ಪ್ರಕರಣ ಬಹಳ ಸಣ್ಣದು. ಊರಿಗೆಲ್ಲ ರಿವರ್ಸ್ ಕಲಿಸುವ ಇಬ್ಬರು ಮಾಸ್ಟರುಗಳು ಮಾವನ ಅಂಗಳದಲ್ಲಿ ಏಕಕಾಲಕ್ಕೆ ರಿವರ್ಸ್ ತೆಗೆದು ಒಬ್ಬರಿಗೊಬ್ಬರು ಗುದ್ದಿಕೊಂಡರು. "ಕನ್ನಡಿ ನೋಡ್ಕೊಂಡು ಬರೋದಲ್ವಾ?" ಎಂದು ಅವರು ಇಳಿದರು. "ಕ್ಲಚ್ ಹಿಡಿಯೋಕೆ ಕಾಲಿರ್ಲಿಲ್ವಾ?" ಎಂದು ಇವರು ಇಳಿದರು. ತೀರ್ಪಿಗಾಗಿ ಇಬ್ಬರೂ ಮಾವನ ಮುಖ ನೋಡಿದರು. "ನನಗೆ ಕಂಡದ್ದು ಇಬ್ಬರ ಬೆನ್ನು ಮಾತ್ರ ಕಣ್ರಪ್ಪಾ" ಎಂದು ಹೇಳಿ ಮಾವ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಷಡ್ಡಕರದು ಎಣ್ಣೆ ಸೀಗೆಕಾಯಿ ಸಂಬಂಧ. ಮಾತಿಲ್ಲ, ಕತೆಯಿಲ್ಲ. ಒಬ್ಬರ ಕಾರು ಎದುರಾದರೆ ಇನ್ನೊಬ್ಬರು ತಮ್ಮ ಶಿಷ್ಯನಿಗೆ, "ನೋಡಿ, ಹೀಗೆ ಓಡಿಸಬಾರದು" ಎಂದು ಪಾಠ ಹೇಳುತ್ತಿದ್ದರು.

ಅಕ್ಕತಂಗಿಯರು ಮಾತ್ರ ಗಂಡಂದಿರು ಕ್ಲಾಸಿಗೆ ಹೋದ ಕೂಡಲೇ ಫೋನು ಹಿಡಿದರೆ ಒಲೆಯ ಮೇಲಿಟ್ಟದ್ದು ಸೀಯುವವರೆಗೆ ಬಿಡುತ್ತಿರಲಿಲ್ಲ. ಓದುಗರಿಗೆ ಒಂದು ಗುಟ್ಟನ್ನು ಈಗಲೇ ಹೇಳಿಬಿಡುವುದು ಕ್ಷೇಮ. ಕ್ಲಚ್ ಮಾಸ್ಟರ ಮನೆಯ ಹೊಸ ಟಿವಿಯಲ್ಲಿ ಸಿನಿಮಾ, ಧಾರಾವಾಹಿ ಎಲ್ಲ ಬರುತ್ತಿದ್ದದ್ದು ಅಕ್ಕನ ಮನೆಯ ಪಾಸ್‌ವರ್ಡಿನಿಂದ. ಎರಡು ಮನೆಗೂ ಒಂದೇ ಖಾತೆ. "ಇದೆಲ್ಲ ಎಲ್ಲಿಂದ ಬಂತೇ?" ಎಂದು ಮಾಸ್ಟರು ಕೇಳಿದ್ದಕ್ಕೆ ಹೆಂಡತಿ, "ಫೋನಿನ ಜೊತೆ ಪುಕ್ಕಟೆ ಬಂತು ರೀ" ಎಂದು ಹೇಳಿ ಒಳಗೆ ಹೋಗಿದ್ದಳು. ಪುಕ್ಕಟೆ ಎಂದ ಮೇಲೆ ಮಾಸ್ಟರು ಹೆಚ್ಚು ಕೇಳುವವರಲ್ಲ.

ಆ ಟಿವಿಯಲ್ಲಿ ಒಂದು ಸಂಜೆ ಸುದ್ದಿ ಹುಡುಕಲು ಹೋಗಿ ಅವರು ಹಾಕಿಗೆ ಬಿದ್ದರು. ನಮ್ಮ ನಿಮ್ಮ ಹುಲ್ಲಿನ ಮೇಲಿನ ಹಾಕಿಯಲ್ಲ. ಮಂಜುಗಡ್ಡೆಯ ಮೇಲೆ, ಕಾಲಿಗೆ ಅಲಗು ಕಟ್ಟಿಕೊಂಡು, ಮುಂದಿನ ಹಲ್ಲುಗಳನ್ನು ಮನೆಯಲ್ಲೇ ಬಿಟ್ಟು ಬಂದಂತಿದ್ದ ದಾಂಡಿಗರು ಆಡುವ ಹಾಕಿ. ಆಟವನ್ನು ತೋರಿಸುತ್ತಿದ್ದದ್ದೂ ಕಡಿಮೆಯೇ. ಆಟದ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಕಂತು ಕಂತಾಗಿ ತೋರಿಸುವ ಸರಣಿ ಅದು. ಕೆಂಪು ಅಂಗಿಯವರದು ಒಂದು ತಂಡ, ನೀಲಿ ಅಂಗಿಯವರದು ಇನ್ನೊಂದು. ಇಬ್ಬರಿಗೂ ಹಳೆಯ ಹಗೆ. ಕ್ಯಾಮೆರಾ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುತ್ತದೆ, ಕೋಚು ಕುರ್ಚಿ ಒದೆಯುವುದನ್ನು ತೋರಿಸುತ್ತದೆ, ಡಾಕ್ಟರು ಆಟಗಾರನ ಗಲ್ಲಕ್ಕೆ ಹೊಲಿಗೆ ಹಾಕುವುದನ್ನು ಹತ್ತಿರದಿಂದ ತೋರಿಸುತ್ತದೆ.

ಜನ್ಮದಲ್ಲಿ ಹಾಕಿ ಕೋಲು ಮುಟ್ಟದ ಮಾಸ್ಟರು ನೆಟ್ಟಗೆ ಕೂತರು. ಬೇರೆಯವರ ಮನೆಯ ಅಡುಗೆಕೋಣೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿಯುವ ಆಸೆ ಯಾರಿಗಿಲ್ಲ? ಅದರಲ್ಲೂ ಎದುರಾಳಿಯ ಅಡುಗೆಕೋಣೆ!

ಅಂದಿನಿಂದ ಸಂಜೆಯ ಕೊನೆಯ ಕ್ಲಾಸು ಮುಗಿಯುತ್ತಲೇ ಟಿವಿ ಮುಂದೆ ಹಾಜರ್. ಹೆಂಡತಿ ಊಟಕ್ಕೆ ಕರೆದಾಗ, ಎಲ್ಲಿದ್ದರೆ ಅಲ್ಲಿ, ಟಿವಿಗೆ ಬ್ರೇಕ್. ಮಾರನೆಯ ದಿನ ಅದರ ಫಲ ಶಿಷ್ಯರ ಮೇಲೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ ಒಬ್ಬರು ಆಗ ಅವರ ಬಳಿ ಕಲಿಯುತ್ತಿದ್ದರು. ಕಾರು ಹತ್ತುವ ಮೊದಲೇ ಮಾಸ್ಟರು ಅವರನ್ನು ನಿಲ್ಲಿಸಿ, ಬಾನೆಟ್ಟಿನ ಮೇಲೆ ಗುದ್ದಿ ಭಾಷಣ ಮಾಡಿದರು.

"ಮೇಡಂ, ಇವತ್ತು ಆ ವೃತ್ತ ನಮ್ಮದು! ಲಾರಿ ಬರಲಿ, ಬಸ್ಸು ಬರಲಿ, ಹಲ್ಲು ಹೋದರೂ ಪರವಾಗಿಲ್ಲ, ಕ್ಲಚ್ ಮಾತ್ರ ಬಿಡಬಾರದು!"

"ಹಲ್ಲು ಯಾಕೆ ಹೋಗುತ್ತೆ ಮಾಸ್ಟರೇ?" ಎಂದು ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಕಾರು ಹತ್ತಿದರು.

ಇಷ್ಟಕ್ಕೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ಒಂದು ಸಂಜೆ ಭಾರಿ ಪಂದ್ಯ. ನೀಲಿಯವರು ಸೋಲುತ್ತಿದ್ದಾರೆ, ಆಟ ಇನ್ನೇನು ಮುಗಿಯಬೇಕು. ಅಷ್ಟರಲ್ಲಿ ನೀಲಿ ಕೋಚು ಕೈ ಬೀಸಿದ. ಗೋಲಿನ ಮುಂದೆ ಹಾಸಿಗೆ ಸುತ್ತಿಕೊಂಡಂತೆ ನಿಂತಿದ್ದ ಗೋಲ್‌ಕೀಪರು ತನ್ನ ಜಾಗ ಬಿಟ್ಟು ಸರ್ರನೆ ಆಚೆ ಹೊರಟೇಬಿಟ್ಟ! ಗೋಲು ಬಟಾಬಯಲು.

"ಏಯ್! ಎಲ್ಲಿಗೋ ಹೋಗ್ತೀಯ?" ಎಂದು ಮಾಸ್ಟರು ಎದ್ದು ನಿಂತು ಕೂಗಿದರು.

"ಊಟಕ್ಕೆ ಬರ್ತೀರೋ ಇಲ್ವೋ?" ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಆ ದನಿಯ ಮುಂದೆ ನೀಲಿ ಕೋಚೇನು, ಕೆಂಪು ಕೋಚೂ ನಿಲ್ಲುತ್ತಿರಲಿಲ್ಲ. ಮಾಸ್ಟರು ಟಿವಿ ಆರಿಸಿದರು. ಆದರೆ ತುತ್ತು ತುತ್ತಿಗೂ ಗೋಲ್‌ಕೀಪರನದೇ ಚಿಂತೆ. ಸೋಲುತ್ತಿರುವವನು ಇರುವ ಒಬ್ಬ ಕಾವಲುಗಾರನನ್ನೂ ಯಾಕೆ ಕಳಿಸಿಬಿಟ್ಟ? ಜಗಳವಾಡಿದರೇ? ಹೊಟ್ಟೆನೋವೇ?

ಮಾರನೆಯ ಸಂಜೆ ಓಡೋಡಿ ಬಂದು ಟಿವಿ ಹಾಕಿದರೆ, ನೀಲಿಯವರೆಲ್ಲ ಬಸ್ಸಿನಲ್ಲಿ ಕೂತಿದ್ದಾರೆ. ಒಬ್ಬರೂ ಮಾತಾಡುತ್ತಿಲ್ಲ. ಗೋಲ್‌ಕೀಪರು ಕಿಟಕಿಗೆ ತಲೆ ಆನಿಸಿ ಮಲಗಿದ್ದಾನೆ. ಪಂದ್ಯ ಎಲ್ಲಿ ಹೋಯಿತು? ಯಾರು ಗೆದ್ದರು? ಇದರ ತಲೆ ಬುಡ ತಿಳಿಯಲಿಲ್ಲ.

"ನಿನ್ನೆ ನಾನು ಎಷ್ಟು ಹೊತ್ತಿಗೆ ಊಟಕ್ಕೆ ಬಂದೆ?"

"ಕರೆದ ಕೂಡಲೇ ಬಂದ್ರಿ. ಅದೇ ಆಶ್ಚರ್ಯ."

ಆರಿಸಿದ ಟಿವಿ ತಾನಾಗಿ ಮುಂದಕ್ಕೆ ಓಡುವುದಿಲ್ಲ. ಹಾಗಾದರೆ ನಡುವಿನದನ್ನು ತಾವು ನೋಡಿದ್ದಾರೆ, ನೋಡಿ ಮರೆತಿದ್ದಾರೆ! ಬೇರೆ ಯಾವ ವಿವರಣೆಯೂ ಆ ತಲೆಗೆ ಹೊಳೆಯಲಿಲ್ಲ. ಮರೆವೇ ಇಲ್ಲ ಎಂದು ಜಂಬ ಕೊಚ್ಚಿಕೊಂಡವರಿಗೆ ಮರೆವಿನ ಭಯ ಎಲ್ಲರಿಗಿಂತ ಹೆಚ್ಚು. ರಿಮೋಟಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಇತ್ತು. ಆದರೆ ಮಾವನ ಅಂಗಳದ ನಂತರ ಮಾಸ್ಟರಿಗೆ ಹಿಂದಕ್ಕೆ ಹೋಗುವುದೆಂದರೇ ಆಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಒತ್ತಿದ್ದಕ್ಕೆ ಮೊಲಗಳ ಕಾರ್ಟೂನು ಬಂದು, ಮತ್ತೆ ಹಾಕಿಗೆ ಮರಳಲು ಹೆಂಡತಿಯ ಸಹಾಯ ಬೇಕಾಗಿತ್ತು.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಪ್ರತಿ ಸಂಜೆ ಒಂದು ತುಂಡು ಮಾಯ. ಎದುರು ಸಾಲಿನ ಮನೆಯಲ್ಲಿ ಇನ್ನೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಅದೇ ಖಾತೆಯಲ್ಲಿ ಅದೇ ಸರಣಿ ನೋಡುತ್ತಿದ್ದಾರೆ, ಅವರು ನಿಲ್ಲಿಸಿದ ಕಡೆಯಿಂದ ಇವರಿಗೆ, ಇವರು ನಿಲ್ಲಿಸಿದ ಕಡೆಯಿಂದ ಅವರಿಗೆ ಟಿವಿ ನಿಯತ್ತಾಗಿ ಬಡಿಸುತ್ತಿದೆ ಎಂದು ಬಡಪಾಯಿಗೆ ಹೇಗೆ ತಿಳಿಯಬೇಕು? ಪಾಸ್‌ವರ್ಡು ಕೊಟ್ಟ ಅಕ್ಕನಿಗೂ ಪಡೆದ ತಂಗಿಗೂ ಟಿವಿಯ ಈ ಗುಣ ತಿಳಿದಿರಲಿಲ್ಲ.

ಮಾಸ್ಟರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳತೊಡಗಿದರು.

"ಮೇಡಂ, ನಿನ್ನೆ ನಾವು ಎಲ್ಲಿಗೆ ಹೋಗಿದ್ವಿ?"

"ಕೆರೆ ರಸ್ತೆಗೆ. ಯಾಕೆ?"

"ನಾನೂ ಬಂದಿದ್ನಾ?"

ಮೇಡಂ ಕಾರನ್ನು ಪಕ್ಕಕ್ಕೆ ಹಾಕಿದರು. ಅಷ್ಟು ಅಚ್ಚುಕಟ್ಟಾಗಿ ಅವರು ಅದುವರೆಗೆ ಎಂದೂ ನಿಲ್ಲಿಸಿರಲಿಲ್ಲ.

ಅಲ್ಲಿಂದ ಮಾಸ್ಟರು ನೇರ ಡಾಕ್ಟರ ಬಳಿ ಹೋದರು. ಡಾಕ್ಟರು ಕೆಲವು ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಮಾಸ್ಟರು ಎಲ್ಲವನ್ನೂ ಹಿಂದುಮುಂದಾಗಿ ಒಪ್ಪಿಸಿದರು. ಹಿಂದೆ ಡಾಕ್ಟರೇ ಲೈಸೆನ್ಸ್ ಟೆಸ್ಟಿನಲ್ಲಿ ಮೊದಲ ಸಲ ಫೇಲಾದ ಕಾರಣವನ್ನೂ ಮಾಸ್ಟರು ಸೇರಿಸಿ ಹೇಳಿದರು.

"ಅದು ಬೇಡಾಗಿತ್ತು," ಎಂದರು ಡಾಕ್ಟರು. "ಎಲ್ಲ ನೆನಪಿದೆಯಲ್ಲಾ ನಿಮಗೆ. ಏನು ಮರೆತುಹೋಗುತ್ತೆ?"

"ಹಾಕಿ, ಡಾಕ್ಟ್ರೇ."

"ಹಾಕಿ ಮಾತ್ರ?"

"ಹಾಕಿ ಮಾತ್ರ. ಗೋಲ್‌ಕೀಪರ್ ಆಚೆ ಹೋದ. ಎಲ್ಲಿಗೆ ಹೋದ, ಯಾಕೆ ಹೋದ, ಗೊತ್ತಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ವಿಚಿತ್ರವೆಂದರೆ ಅವರು ಇವರ ಮುಖವನ್ನು ನೋಡಿ, ಬೀದಿಯ ಎದುರು ಸಾಲಿನತ್ತ ನೋಡಿ, "ಈ ಬೀದಿಗೇ ಏನೋ ಬಂದಿದೆ" ಎಂದು ಗೊಣಗಿಕೊಂಡರು. ಕೊನೆಗೆ ಟಿವಿ ಪೂರ್ತಿ ಬಂದ್, ವಿಶ್ರಾಂತಿ, ಒಂದು ಟಾನಿಕ್ ಎಂದು ತೀರ್ಪಿತ್ತರು. ಸರಣಿಯ ಕೊನೆಯ ಕಂತು ಹಾಗೆಯೇ ಉಳಿಯಿತು.

ಟಾನಿಕ್ ಕೊಟ್ಟ ಔಷಧಿ ಅಂಗಡಿಯವನ ಬಾಯಲ್ಲಿ ಮಾತು ನಿಲ್ಲುವುದು ಕಷ್ಟ. ಮೊದಲನೆಯ ಗಿರಾಕಿಗೆ ಅವನು ಹೇಳಿದ್ದು, "ಮಾಸ್ಟರಿಗೆ ಸ್ವಲ್ಪ ಮರೆವಂತೆ." ಅದು ದಿನಸಿ ಅಂಗಡಿ ತಲುಪುವಾಗ ಮಾಸ್ಟರು ಬ್ರೇಕ್ ಯಾವುದು ಎಂಬುದನ್ನೇ ಮರೆತಿದ್ದರು. ಹೇರ್ ಕಟಿಂಗ್ ಅಂಗಡಿಗೆ ಬರುವಷ್ಟರಲ್ಲಿ ಅವರು ನಡುರಸ್ತೆಯಲ್ಲಿ ಇಳಿದು, "ಈ ಕಾರು ಯಾರದು?" ಎಂದು ಕೇಳಿದ್ದರು. ಕಡ್ಡಿ ಗುಡ್ಡವಾಗಲು ಒಂದು ಬೀದಿ ಸಾಕು. ಬ್ಯಾಂಕ್ ಮೇಡಂ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಉಳಿದವರೂ ಬಿಟ್ಟರು. ಕೊನೆಗೆ ಲೈಸೆನ್ಸ್ ಕಚೇರಿಯಿಂದ ಇನ್‌ಸ್ಪೆಕ್ಟರ್ ಸಾಹೇಬರ ಫೋನು ಬಂತು.

"ನಾಳೆ ಬೆಳಿಗ್ಗೆ ಬನ್ನಿ. ನೀವು ಕಲಿಸೋಕೆ ಲಾಯಕ್ಕೋ ಅಲ್ವೋ ನೋಡ್ಬೇಕು. ಬರುವಾಗ ಕಾರು ಓಡಿಸ್ಕೊಂಡು ಬರ್ಬೇಡಿ."

ಕ್ಲಚ್ ಮಾಸ್ಟರಿಗೆ ಕಾಲ ಕೆಳಗಿನ ಕ್ಲಚ್ಚೇ ಕುಸಿದಂತಾಯಿತು. ಕಲಿಸುವುದು ಬಿಟ್ಟು ಅವರಿಗೆ ಬೇರೆ ವಿದ್ಯೆ ಬಾರದು. ಲೈಸೆನ್ಸು ಹೋದರೆ ಸ್ಕೂಲು ಹೋಯಿತು. ಬೀದಿಯೆಲ್ಲ ಎದುರು ಸಾಲಿನವರ ಪಾಲು. ಅದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಬೆಳಿಗ್ಗೆ ಹೆಂಡತಿ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕಚೇರಿಗೆ ಕರೆತಂದಳು. ಮೆಟ್ಟಿಲ ಬಳಿ ಇನ್ನೊಂದು ಆಟೋ ನಿಂತಿತು. ಅದರಿಂದ ಅಕ್ಕ ಇಳಿದಳು. ಅವಳ ಹಿಂದೆ, ಜೇಬಿನಿಂದ ಇಣುಕುವ ಟಾನಿಕ್ ಬಾಟಲಿಯೊಡನೆ ಕನ್ನಡಿ ಮಾಸ್ಟರು ಇಳಿದರು.

ಅಕ್ಕತಂಗಿಯರು ಎಷ್ಟೋ ವರ್ಷದ ಮೇಲೆ ಸಿಕ್ಕವರಂತೆ "ಓ, ಚೆನ್ನಾಗಿದ್ದೀಯಾ?" ಎಂದು ನಾಟಕವಾಡಿದರು. ಗಂಡಂದಿರು ಬೆಂಚಿನ ಎರಡು ತುದಿಗೆ ಕೂತರು. ಮುಖ ಎರಡು ಗೋಡೆಗೆ. ಇಬ್ಬರ ಜೇಬಿನಲ್ಲೂ ಒಂದೇ ಬಣ್ಣದ ಟಾನಿಕ್, ಇಬ್ಬರಿಗೂ ಬಂದದ್ದು ಸಾಹೇಬರ ಅದೇ ಫೋನು.

ಇನ್‌ಸ್ಪೆಕ್ಟರ್ ಸಾಹೇಬರು ನಕ್ಕದ್ದನ್ನು ಆ ಕಚೇರಿಯಲ್ಲಿ ಕಂಡವರಿರಲಿಲ್ಲ. ಮೊದಲು ಕ್ಲಚ್ ಮಾಸ್ಟರನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು.

"ಏನಾಗುತ್ತೆ ನಿಮಗೆ? ನಿಜ ಹೇಳಿ."

"ಸರ್, ನೀಲಿಯವರು ಸೋಲ್ತಾ ಇದ್ರು. ಕೋಚು ಕೈ ಬೀಸಿದ. ಗೋಲ್‌ಕೀಪರ್ ಗೋಲು ಬಿಟ್ಟು ಆಚೆ ಹೋದ. ಅಷ್ಟೇ ಸರ್, ಆಮೇಲೆ ಕತ್ತಲೆ! ಕಣ್ಣು ಬಿಟ್ರೆ ಎಲ್ಲರೂ ಬಸ್ಸಲ್ಲಿ ಮಾತಿಲ್ಲದೆ ಕೂತಿದ್ರು."

"ಯಾವ ಬಸ್ಸು? ನೀವು ಓಡಿಸ್ತಿದ್ರಾ?"

"ಇಲ್ಲ ಸರ್, ನಾನು ಸೋಫಾ ಮೇಲಿದ್ದೆ."

ಸಾಹೇಬರು ಹಣೆ ಉಜ್ಜಿಕೊಂಡರು. ಆಗ ಹೊರಗಿನ ಬೆಂಚಿನಿಂದ, ಇಷ್ಟು ವರ್ಷ ಈ ದಿಕ್ಕಿಗೆ ತೆರೆಯದಿದ್ದ ಬಾಯಿಯೊಂದು, ತಡೆಯಲಾರದೆ ತೆರೆಯಿತು.

"ಬಸ್ಸಿಗೆ ಮುಂಚೆ ಏನಾಯ್ತು ಅಂತ ನನಗೆ ಗೊತ್ತು ಸರ್!"

ಕನ್ನಡಿ ಮಾಸ್ಟರು ಬಾಗಿಲಲ್ಲಿ ನಿಂತಿದ್ದರು. ಕ್ಲಚ್ ಮಾಸ್ಟರು ತಿರುಗಿದರು. ಹಗೆ ದೊಡ್ಡದು ನಿಜ, ಆದರೆ ಗೋಲ್‌ಕೀಪರು ಅದಕ್ಕಿಂತ ದೊಡ್ಡವನು.

"ಎಲ್ಲಿಗೆ ಹೋದ ಅವನು?"

"ಬೆಂಚಿಗೆ! ಅವನ ಬದಲು ಗೋಲು ಹೊಡೆಯೋನು ಇನ್ನೊಬ್ಬ ಇಳಿದ. ಹೇಗೂ ಸೋಲ್ತಾ ಇದ್ದಾರಲ್ಲ, ಇನ್ನು ಕಾಯ್ಕೊಂಡು ಕೂತು ಏನು ಬಂತು? ಹಿಂದುಗಡೆ ಖಾಲಿ ಬಿಟ್ಟು ಎಲ್ಲರೂ ಮುಂದಕ್ಕೆ ನುಗ್ಗೋದು!"

"ಗೋಲು ಖಾಲಿ ಬಿಟ್ಟು? ಧೈರ್ಯ ಬೇಕು!"

"ಧೈರ್ಯ ಬೇಕು. ಆದ್ರೂ ಸೋತ್ರು. ಅದಕ್ಕೇ ಬಸ್ಸಲ್ಲಿ ಮೌನ ಅಂತ ಈಗ ಗೊತ್ತಾಯ್ತು. ಬಸ್ಸು ನನಗೆ ಕಾಣಲೇ ಇಲ್ಲ. ನಂದೂ ಹೀಗೇ, ಅಲ್ಲಲ್ಲಿ ಮಾಯ! ನೀಲಿ ಕ್ಯಾಪ್ಟನ್ ಗಲ್ಲಕ್ಕೆ ಹೊಲಿಗೆ ಹಾಕಿಸ್ಕೊಂಡು ನಗ್ತಾ ಇದ್ದ. ಯಾರು ಹೊಡೆದದ್ದು, ಯಾಕೆ ನಕ್ಕ, ನೆನಪೇ ಇಲ್ಲ."

"ಅಯ್ಯೋ, ಹೊಡೆದದ್ದು ಅವನ ಸ್ವಂತ ತಮ್ಮ! ತಮ್ಮ ಕೆಂಪು ತಂಡದವನು!"

"ಸ್ವಂತ ತಮ್ಮನೇ? ಬೇಕಂತಲೇ ಹೊಡೆದನಾ?" ಎಂದು ಕೇಳಿದವರು ಇನ್‌ಸ್ಪೆಕ್ಟರ್ ಸಾಹೇಬರು. ಕೇಳಿದ ಮೇಲೆ ಕೆಮ್ಮಿದರು. "ಅಂದ್ರೆ, ವಿಚಾರಣೆಗೆ ಬೇಕು."

ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡಿರಲಿಲ್ಲ. ಇಬ್ಬರೂ ಸರತಿಯಂತೆ ಹೇಳುತ್ತಾ ಹೋದಂತೆ ಕತೆ ತುಂಡು ತುಂಡಾಗಿ ಕೂಡಿಕೊಂಡಿತು. ಸಾಹೇಬರು ಕುರ್ಚಿಯ ಅಂಚಿಗೆ ಬಂದಿದ್ದರು. ಬಾಗಿಲಲ್ಲಿ ಅಕ್ಕತಂಗಿಯರು ಒಬ್ಬರ ಕೈ ಒಬ್ಬರು ಹಿಸುಕುತ್ತಿದ್ದರು. ಕೊನೆಗೆ ತಂಗಿಗೆ ತಡೆಯಲಾಗಲಿಲ್ಲ.

"ಸರ್, ಇವರಿಗೆ ಯಾವ ಕಾಯಿಲೆನೂ ಇಲ್ಲ. ಪಾಸ್‌ವರ್ಡು ಒಂದೇ."

"ಭಾವ ಬಿಟ್ಟದ್ದು ಇವರಿಗೆ, ಇವರು ಬಿಟ್ಟದ್ದು ಭಾವಂಗೆ ಬಂದಿದೆ," ಎಂದು ಅವಳೇ ಅಳುವ ದನಿಯಲ್ಲಿ ಬಿಡಿಸಿ ಹೇಳಿದಳು. ಅಕ್ಕ ತಲೆ ತಗ್ಗಿಸಿ, "ಪುಕ್ಕಟೆ ಬಂದದ್ದು ಅಂತ ಇಬ್ಬರಿಗೂ ಹೇಳಿದ್ವಿ" ಎಂದಳು.

ಮಾಸ್ಟರುಗಳು ಪರಸ್ಪರ ನೋಡಿಕೊಂಡರು. ನಗಬೇಕೋ ರೇಗಬೇಕೋ ತಿಳಿಯದೆ ಇಬ್ಬರೂ ಟಾನಿಕ್ ಬಾಟಲಿ ಹೊರತೆಗೆದು ಸಾಹೇಬರ ಮೇಜಿನ ಮೇಲಿಟ್ಟರು.

"ಆ ಪಾಸ್‌ವರ್ಡು ಹೇಳಿ," ಎಂದರು ಸಾಹೇಬರು ಗಂಭೀರವಾಗಿ. "ವಿಚಾರಣೆಗೆ ಬೇಕಾಗುತ್ತೆ." ಅಕ್ಕ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು. "ಆದ್ರೆ ದೂರು ಬಂದ ಮೇಲೆ ಟೆಸ್ಟ್ ಆಗಲೇಬೇಕು. ಅಂಗಳಕ್ಕೆ ನಡೀರಿ. ರಿವರ್ಸ್."

ಇಬ್ಬರ ಕೈಯೂ ಮತ್ತೆ ಟಾನಿಕ್ ಬಾಟಲಿಯ ಕಡೆ ಹೋಯಿತು.

ಕಚೇರಿಯ ಹಳೆಯ ಕಾರಿಗೆ ಎಡಗಡೆಯ ಕನ್ನಡಿ ಮುರಿದು ಎಷ್ಟೋ ಕಾಲವಾಗಿತ್ತು. ಕಂಬಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಬೇಕು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ನಿಂತು ದಾರಿ ತೋರಿಸಬೇಕು. ಕಂಬ ಮುಟ್ಟಿದರೆ ಓಡಿಸಿದವನ ಲೈಸೆನ್ಸು ಅಲ್ಲೇ ರದ್ದು.

ಕ್ಲಚ್ ಮಾಸ್ಟರು ಮೊದಲು ಕೂತರು. ಎಡಗಡೆ ಏನೂ ಕಾಣುತ್ತಿಲ್ಲ. ನಡುವಿನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಷಡ್ಡಕ ಮತ್ತು ಅವರ ಎತ್ತಿದ ಕೈ. ಆ ಕೈ ಒಂದು ಸಲ ತಪ್ಪು ಬೀಸಿದರೆ ಸಾಕು, ನಾಳೆಯಿಂದ ಇಡೀ ಬೀದಿ ಅವರದು. ಮಾಸ್ಟರು ಬಲಗಡೆ ಇಣುಕಿದರು, ಎಡಗಡೆ ಇಣುಕಿದರು, ಬೆವರಿದರು. ಆಮೇಲೆ ನೀಲಿಯವರ ಗೋಲು ನೆನಪಾಯಿತು. ಬಟಾಬಯಲಾದ ಗೋಲು. ಕಾಯ್ಕೊಂಡು ಕೂತು ಏನು ಬಂತು?

ಅವರು ಇಣುಕುವುದನ್ನು ನಿಲ್ಲಿಸಿ, ಆ ಕೈಯನ್ನೇ ನೋಡುತ್ತಾ ಕ್ಲಚ್ ಬಿಟ್ಟರು. ಕೈ ಎಡಕ್ಕೆ ಅಂದಾಗ ಎಡಕ್ಕೆ, ಬಲಕ್ಕೆ ಅಂದಾಗ ಬಲಕ್ಕೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಹಿಂದೆ ಹೋಗಿ ನಿಂತಿತು. ಕಂಬಕ್ಕೆ ಧೂಳೂ ತಗುಲಲಿಲ್ಲ.

ಈಗ ಕನ್ನಡಿ ಮಾಸ್ಟರ ಸರದಿ. ಹಿಂದೆ ನಿಂತ ಕ್ಲಚ್ ಮಾಸ್ಟರ ಕೈಗೆ ಅದೇ ಬೀದಿ, ಅದೇ ಆಸೆ ಬಂದು ಕೂತಿತ್ತು. ಕಾರು ಹಿಂದಕ್ಕೆ ಬಂತು, ಕಂಬದ ಹತ್ತಿರ ಬಂತು, ಇನ್ನೂ ಹತ್ತಿರ ಬಂತು.

"ಸಾಕು! ಬಲಕ್ಕೆ ಹೊಡೀರಿ ಅಣ್ಣಾ, ಬಲಕ್ಕೆ! ಹಾಂ, ಈಗ ಬನ್ನಿ, ಬನ್ನಿ..."

ಕಾರು ನಿಂತಿತು. ಎಂಜಿನ್ ಆರಿಸಿದರೂ ಕನ್ನಡಿ ಮಾಸ್ಟರು ಕೂಡಲೇ ಇಳಿಯಲಿಲ್ಲ. ನಡುವಿನ ಕನ್ನಡಿಯಲ್ಲಿ ಹಿಂದೆ ನಿಂತವನನ್ನು ನೋಡುತ್ತಾ ಕೂತೇ ಇದ್ದರು. ಕ್ಲಚ್ ಮಾಸ್ಟರಿಗೆ ಎತ್ತಿದ ಕೈ ಇಳಿಸುವುದೇ ಮರೆತುಹೋಗಿತ್ತು. ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು.

ಆ ವಾರದ ಕೊನೆಗೆ, ಶಿಷ್ಯರೆಲ್ಲ ಮರಳಿದ ಮೇಲೆ, ಕನ್ನಡಿ ಮಾಸ್ಟರ ಮನೆಯಲ್ಲಿ ಎರಡೂ ಸಂಸಾರ ಸೇರಿತು. ಮಾವನೂ ಬಂದು ಒಳ್ಳೆಯ ಕುರ್ಚಿ ಹಿಡಿದರು. ಉಳಿದಿದ್ದ ಕೊನೆಯ ಕಂತು ನೋಡಬೇಕು. ಕೆಂಪೋ, ನೀಲಿಯೋ, ಇಂದು ಇತ್ಯರ್ಥ. ಟಿವಿ ಹಾಕಿದರು. ಕಪ್ಪು ಪರದೆಯ ಮೇಲೆ ಬರೀ ಹೆಸರುಗಳು ಸಾಲುಸಾಲಾಗಿ ಮೇಲಕ್ಕೆ ಓಡುತ್ತಿದ್ದವು.

"ಇದು ಮುಗಿದೇ ಹೋಗಿದೆಯಲ್ಲ!" ಎಂದು ಕ್ಲಚ್ ಮಾಸ್ಟರು ಹೆಂಡತಿಯ ಮುಖ ನೋಡಿದರು. "ಯಾರು ನೋಡಿದ್ದು?"

ಅಕ್ಕತಂಗಿಯರು ನಾವಲ್ಲ ಎಂದು ತಲೆ ಆಡಿಸಿದರು. ಅಷ್ಟರಲ್ಲಿ ಕನ್ನಡಿ ಮಾಸ್ಟರ ಫೋನು ಹೊಡೆದುಕೊಂಡಿತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಮಾಸ್ಟರೇ, ನಾನು ಇನ್‌ಸ್ಪೆಕ್ಟರು. ನಿಮ್ಮ ವಿಚಾರಣೆ ಈಗ ತಾನೇ ಮುಗೀತು. ಏನು ಆಟ ರೀ ಅದು! ಕೊನೆಗೆ ಆ ತಮ್ಮ ಇದ್ದಾನಲ್ಲ, ಅವನು..."

"ಹೇಳ್ಬೇಡಿ ಸರ್!" ಎಂದು ಇಬ್ಬರು ಮಾಸ್ಟರುಗಳೂ ಒಟ್ಟಿಗೆ ಕಿರುಚಿ ಫೋನು ಕತ್ತರಿಸಿದರು.

ಪರದೆಯ ಮೇಲೆ ಹೆಸರುಗಳು ಓಡುತ್ತಲೇ ಇದ್ದವು. ಕನ್ನಡಿ ಮಾಸ್ಟರು ರಿಮೋಟ್ ಕೈಗೆತ್ತಿಕೊಂಡು, ಹಿಂದಕ್ಕೆ ಹೋಗುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಅನುಮಾನಿಸಿದರು. ಅವರ ಮನೆಯಲ್ಲೂ ಆ ಗುಂಡಿಯಿಂದ ಮೊಲಗಳೇ ಬಂದಿದ್ದವೋ ಏನೋ. ಕ್ಲಚ್ ಮಾಸ್ಟರು ಸೋಫಾದಿಂದ ಎದ್ದು, ಟಿವಿಯ ಪಕ್ಕಕ್ಕೆ ಹೋಗಿ ನಿಂತು, ಕೈ ಎತ್ತಿ ಹಿಡಿದರು.

"ಹಿಂದಕ್ಕೆ ತಗೊಳ್ಳಿ ಅಣ್ಣಾ. ನಾನು ನೋಡ್ತಾ ಇದ್ದೀನಿ."